ಡಾರ್ಲಾ ಹಾಕದ ಸಹಿ

ಎರಡು ವರ್ಷದಿಂದ ಡಾರ್ಲಾ ಒಂದೇ ಮಾತು ಕೇಳುತ್ತಿದ್ದಳು, ಹೆಡ್‌ಮಾಸ್ಟರ್ ಪ್ರೇಟರ್ ಒಂದೇ ಮಾತು ಹೇಳುತ್ತಿದ್ದರು. ಜಾಗವೂ ಒಂದೇ. ಶಾಲೆಯ ಊಟದ ಕೌಂಟರಿನ ಆ ಕಡೆ ಅವಳು ಸೌಟು ಹಿಡಿದು, ಈ ಕಡೆ ಅವರು ತಟ್ಟೆ ಹಿಡಿದು.

"ಸರ್, ನಮ್ಮ ಲೆಟಿಗೆ ಓದೋಕೇ ಬರ್ತಾ ಇಲ್ಲ. ಯಾಕೆ ಬರಲ್ಲ ಅಂತ ಪರೀಕ್ಷೆ ಮಾಡಿ ಹೇಳ್ತಾರಂತಲ್ಲ, ಅದನ್ನ ಮಾಡಿಸಿ," ಎಂದು ಅವಳು ಆಲೂಗಡ್ಡೆ ಬಡಿಸುತ್ತ ಹೇಳುವಳು.

"ನೋಡೋಣ ಡಾರ್ಲಾ. ಚಿಕ್ಕ ಮಗು, ತಾನಾಗೇ ಸರಿಹೋಗುತ್ತೆ," ಎಂದು ಅವರು ಮೇಲೆ ಇನ್ನೊಂದು ಸೌಟು ಗ್ರೇವಿ ಹಾಕಿಸಿಕೊಂಡು ಹೋಗುವರು.

ಹೀಗೆ ಮೂಗಿಗೆ ತುಪ್ಪ ಸವರಿಸಿಕೊಂಡೇ ಎರಡು ವರ್ಷ ಕಳೆಯಿತು. ಮಗಳು ಲೆಟಿಗೆ ಹತ್ತು ತುಂಬಿತು. ಮೂರನೇ ತರಗತಿಯಲ್ಲಿ ಎರಡನೇ ಸಲ ಕೂತಿದ್ದಾಳೆ. ಅವಳ ಜೊತೆಯವರೆಲ್ಲ ನಾಲ್ಕನೆಯದರಲ್ಲಿದ್ದಾರೆ. ಹುಡುಗಿ ದಡ್ಡಿಯೇನಲ್ಲ. ಲೆಕ್ಕವನ್ನು ಬಾಯಲ್ಲೇ ಮಾಡಿ ಬಿಸಾಡುತ್ತಾಳೆ, ಅಪ್ಪನ ಟ್ರಕ್ಕು ಕೆಟ್ಟರೆ ಯಾವ ಭಾಗ ಎಲ್ಲಿ ಕೂರುತ್ತದೆ ಎಂದು ಅಪ್ಪನಿಗೇ ಹೇಳಿಕೊಡುತ್ತಾಳೆ. ಪುಸ್ತಕ ತೆರೆದರೆ ಮಾತ್ರ ಮುಖ ಬಿಳಿಚಿಕೊಳ್ಳುತ್ತದೆ. ಮೊದಲು ಅಳುತ್ತಿದ್ದಳು. ಈಚೆಗೆ ಅಳುವುದನ್ನು ಬಿಟ್ಟು ಸೋಮವಾರ ಬಂದರೆ ಹೊಟ್ಟೆನೋವು ಎನ್ನತೊಡಗಿದ್ದಳು.

ಟ್ರೇಸ್ ಫೋರ್ಕ್ ಕೆಂಟಕಿಯ ಗುಡ್ಡಗಳ ನಡುವಿನ ಕಲ್ಲಿದ್ದಲು ಕಣಿವೆ. ಅಲ್ಲಿ ದಿನಾ ಮುಖ ನೋಡುವ ಮನುಷ್ಯನಿಗೆ ಯಾರೂ ಕಾಗದ ಬರೆಯುವುದಿಲ್ಲ. ಕಾಗದ ಬರೆಯುವುದು ಗಣಿ ಕಂಪನಿಗೆ, ಕೋರ್ಟಿಗೆ, ಒಹಾಯೋದ ಕಾರ್ಖಾನೆಗಳಿಗೆ ಹೋಗಿ ಸೇರಿದ ನೆಂಟರಿಗೆ. ಎದುರಿಗೆ ಸಿಗುವವನ ಕೈಗೆ ಕಾಗದ ಕೊಟ್ಟರೆ, ನಿನ್ನ ಮಾತನ್ನು ನಾನು ನಂಬುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಪ್ರೇಟರ್ ಅಂತೂ ಡಾರ್ಲಾಳ ಚರ್ಚಿನಲ್ಲೇ ಮುಂದಿನ ಬೆಂಚಿನಲ್ಲಿ ಕೂರುವವರು, ಅವಳ ಮದುವೆಯ ಕೇಕು ತಿಂದವರು, ಸಾಲದ್ದಕ್ಕೆ ಅವಳ ಕೆಲಸದ ಯಜಮಾನರು. ಅವರಿಗೆ ಕಾಗದ ಬರೆಯಬಹುದು ಎಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

ಆ ಯೋಚನೆ ತಂದುಕೊಟ್ಟವಳು ಬರ್ನಿಸ್. ೧೯೯೭ರ ಫೆಬ್ರವರಿಯಲ್ಲಿ ಅಡುಗೆಯವರೊಬ್ಬರು ರಜೆ ಹಾಕಿದಾಗ ಬದಲಿಗೆ ಬಂದ ಹೊರಗಿನ ಹೆಂಗಸು. ಡಾರ್ಲಾ ಮತ್ತು ಪ್ರೇಟರರ ಸಂಭಾಷಣೆಯನ್ನು ಒಂದು ದಿನ ಕೇಳಿದಳು, ಎರಡನೇ ದಿನ ಕೇಳಿದಳು, ಮೂರನೇ ದಿನ ಪಾತ್ರೆ ಕೆಳಗಿಟ್ಟಳು.

"ಎಷ್ಟು ದಿನದಿಂದ ಹಿಂಗೆ ಕೇಳ್ತಿದೀಯ?"

"ಎರಡು ವರ್ಷ ಆಯ್ತು."

"ಬರೆದು ಕೊಟ್ಟಿದೀಯಾ?"

"ಬರೆದು ಯಾಕೆ? ದಿನಾ ಸಿಗ್ತಾರಲ್ಲ."

ಬರ್ನಿಸ್ ಹಣೆ ಚಚ್ಚಿಕೊಂಡಳು. ಅವಳ ಮಗನಿಗೂ ಇದೇ ತೊಂದರೆ ಇದ್ದು, ಅವಳು ಇದೇ ದಾರಿಯಲ್ಲಿ ಮುಳ್ಳು ತುಳಿದು ಬಂದವಳು. ಬಾಯಲ್ಲಿ ಕೇಳಿದ್ದು ಕೇಳಿದ್ದೇ ಅಲ್ಲ ಎಂದು ವಿವರಿಸಿದಳು. ಮಗುವಿನ ಪರೀಕ್ಷೆ ಮಾಡಿಸಿ ಎಂದು ತಾಯಿ ಬರೆದು ಕೊಟ್ಟರೆ ಶಾಲೆ ಉತ್ತರ ಕೊಡಲೇಬೇಕು. ಒಪ್ಪಿಗೆಯ ಹಾಳೆಗೆ ತಾಯಿ ಸಹಿ ಹಾಕಿದ ದಿನದಿಂದ ಅರವತ್ತು ಶಾಲಾ ದಿನದೊಳಗೆ ಎಲ್ಲ ಮುಗಿಸಬೇಕು. ಬರೆಯದೆ ಹೋದರೆ ಇನ್ನೂ ಹತ್ತು ವರ್ಷ ಗ್ರೇವಿ ಬಡಿಸುತ್ತಿರಬಹುದು.

"ಬಾಯಲ್ಲಿ ಕೇಳೋರು ಅವರಿಗೆ ಬಹಳ ಇಷ್ಟ ಕಣಮ್ಮ," ಎಂದಳು ಬರ್ನಿಸ್. "ಖರ್ಚಿಲ್ಲ."

ಡಾರ್ಲಾಳ ಕಿವಿ ಬಿಸಿಯಾಯಿತು. ಎರಡು ವರ್ಷ ತಾನು ಕೇಳಿದ್ದು, ಅವರು ತಲೆಯಾಡಿಸಿದ್ದು ಎಲ್ಲ ಕಣ್ಣ ಮುಂದೆ ಬಂತು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದು ಕೊಡು ಎಂದು ಒಂದು ಮಾತು ಹೇಳಲಿಲ್ಲ.

ಸಂಜೆ ಮನೆಯಲ್ಲಿ ಬೀನ್ಸ್ ಕಾಳಿನ ಸಾರು ಕುದಿಯುತ್ತಿತ್ತು. ಒಲೆಯ ಮುಂದೆ ನಿಂತಿದ್ದವನು ಗಂಡ ವರ್ಲಿನ್. ಎರಡು ವರ್ಷದ ಹಿಂದೆ ಗಣಿಯಲ್ಲಿ ಮೇಲ್ಛಾವಣಿಯ ಕಲ್ಲು ಬೆನ್ನ ಮೇಲೆ ಬಿದ್ದಂದಿನಿಂದ ಅವನಿಗೆ ಭಾರ ಎತ್ತುವಂತಿಲ್ಲ, ಹಾಗಾಗಿ ಅಡುಗೆ ಅವನದು. ಡಾರ್ಲಾಳ ತಾಯಿ ಓಪಲ್ ಮೇಜಿನ ಬಳಿ ಈರುಳ್ಳಿ ಹೆಚ್ಚುತ್ತಿದ್ದಳು. ಅರವತ್ತೆರಡರ ಗಟ್ಟಿ ಮುದುಕಿ, ಗಂಡ ಸತ್ತ ಮೇಲೆ ಮಗಳ ಮನೆಗೆ ಬಂದವಳು. ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು. ಚರ್ಚಿನ ಆಮಂತ್ರಣ, ಸಾವಿನ ಮನೆಗೆ ಕಳಿಸುವ ಕಾರ್ಡು ಎಲ್ಲ ಅವಳ ಕೈಯಿಂದಲೇ ಆಗಬೇಕು.

"ಅಮ್ಮ, ನಿನ್ನ ಅಕ್ಷರ ಚೆನ್ನಾಗಿದೆ, ಒಂದು ಕಾಗದ ಬರೆದುಕೊಡು. ಪ್ರೇಟರ್‌ಗೆ. ಲೆಟಿಗೆ ಪರೀಕ್ಷೆ ಮಾಡಿಸಿ ಅಂತ."

ಓಪಲ್‌ಳ ಚಾಕು ನಿಂತಿತು. "ಕಾಗದಾನಾ? ಭಾನುವಾರ ಭಾನುವಾರ ಕೈಕುಲುಕೋ ಮನುಷ್ಯನಿಗೆ ಕಾಗದ ಬರೀತೀಯ?"

"ಕೈಕುಲುಕಿದ್ದು ಸಾಕಾಯ್ತು."

"ಕೆಲಸ ಕಳ್ಕೋತೀಯ. ಆಮೇಲೆ ಎಲ್ಲರೂ ಕೂತ್ಕೊಂಡು ಕಾಗದಾನೇ ತಿನ್ನೋಣ. ಆ ಮಗು ಚೆನ್ನಾಗೇ ಇದೆ. ನಿಧಾನ, ಅಷ್ಟೇ. ಪರೀಕ್ಷೆ ಗಿರೀಕ್ಷೆ ಏನೂ ಬೇಡ."

"ನಿಧಾನ ಅಂತ ನೀನು ಮೂರು ವರ್ಷದಿಂದ ಹೇಳ್ತಿದೀಯ."

"ಬೇಡ ಅಂದ್ನಲ್ಲ," ಎಂದು ಓಪಲ್ ಹಲಗೆಯನ್ನು ತಳ್ಳಿ ಎದ್ದೇ ಹೋದಳು.

ವರ್ಲಿನ್ ಸೌಟು ಹಿಡಿದುಕೊಂಡೇ ಹೆಂಡತಿಯನ್ನು ನೋಡಿದ. "ನಿಮ್ಮಮ್ಮ ಅರ್ಧ ಈರುಳ್ಳೀನ ಬಿಟ್ಟು ಎದ್ದಿದ್ದು ಇದೇ ಮೊದಲು ಕಣೇ," ಎಂದ. ಡಾರ್ಲಾಗೂ ವಿಚಿತ್ರವೆನಿಸಿತು. ಆದರೆ ಆ ಹೊತ್ತಿಗೆ ಅವಳ ಸಿಟ್ಟೆಲ್ಲ ಪ್ರೇಟರರ ಮೇಲಿತ್ತು.

ಕಾಗದವನ್ನು ಅವಳೇ ಬರೆದಳು. ಮೊದಲನೆಯದು ತೀರಾ ಬೈಗುಳವಾಯಿತು, ಎರಡನೆಯದು ತೀರಾ ಅಂಗಲಾಚಿದಂತಾಯಿತು. ಮೂರನೆಯದರಲ್ಲಿ ಮಗಳ ಹೆಸರು, ತರಗತಿ, ಅವಳಿಗೆ ಓದಲು ಬಾರದೆ ಎಷ್ಟು ದಿನವಾಯಿತು, ಆದ್ದರಿಂದ ಪರೀಕ್ಷೆ ಮಾಡಿಸಬೇಕೆಂದು ತಾಯಿಯಾಗಿ ಕೋರುತ್ತೇನೆ ಎಂದು ಐದು ಸಾಲು ಬರೆದು ಸಹಿ ಹಾಕಿದಳು. ಬರ್ನಿಸ್ ಹೇಳಿದ್ದಂತೆ ಒಂದು ನಕಲನ್ನೂ ಮಾಡಿಟ್ಟುಕೊಂಡಳು. ಮರುದಿನ ಏಪ್ರನ್ನಿನಲ್ಲೇ ಆಫೀಸಿಗೆ ಹೋಗಿ ಗುಮಾಸ್ತೆಯ ಮುಂದಿಟ್ಟಳು. ಗುಮಾಸ್ತೆ ಲಕೋಟೆಯನ್ನು ಸತ್ತ ಇಲಿಯನ್ನು ನೋಡುವಂತೆ ನೋಡಿ, ಸರ್ ಒಳಗೇ ಇದ್ದಾರೆ, ಹೋಗಿ ಹೇಳಿಬಿಡಬಾರದೇ ಎಂದಳು. ಹೇಳಿ ಹೇಳಿ ಬಾಯಿ ಸೋತಿದೆ, ಬಂದ ದಿನದ ಮುದ್ರೆ ಒತ್ತು ಎಂದಳು ಡಾರ್ಲಾ.

ಒಂಬತ್ತು ದಿನವಾದ ಮೇಲೆ ಕರೆ ಬಂತು. ಪ್ರೇಟರ್ ಕೂರಲು ಹೇಳಿದರು. ಮುಖದಲ್ಲಿ ನೋವು ಇತ್ತು. ಸಾಕಿದ ನಾಯಿ ಕಚ್ಚಿದವರ ನೋವು.

"ಇಷ್ಟು ವರ್ಷದ ಪರಿಚಯ, ಡಾರ್ಲಾ. ಕಾಗದ ಬರೆಯೋ ಮಟ್ಟಕ್ಕೆ ಹೋಯ್ತಾ?"

"ಬಾಯಲ್ಲಿ ಕೇಳಿದ್ರೆ ನೀವು ಮಾಡಿಸಲಿಲ್ಲವಲ್ಲ ಸರ್."

"ಮಾಡಿಸೋದು ಹೇಗೆ? ನೀನೇ ಬೇಡ ಅಂದಿದ್ದೆಯಲ್ಲ." ಅವರು ಕಡತದಿಂದ ಒಂದು ಹಾಳೆ ತೆಗೆದು ಅವಳ ಕಡೆ ತಿರುಗಿಸಿದರು. "ಎರಡನೇ ತರಗತೀಲೇ ಟೀಚರ್ ಹೇಳಿದ್ರು, ಪರೀಕ್ಷೆ ಆಗಲಿ ಅಂತ. ಒಪ್ಪಿಗೆಯ ಹಾಳೆ ಮನೆಗೆ ಕಳಿಸಿದ್ವಿ. ಇಗೋ."

ಹಾಳೆಯಲ್ಲಿ ಎರಡು ಚೌಕಗಳಿದ್ದವು. 'ಒಪ್ಪಿಗೆ ಇದೆ', 'ಒಪ್ಪಿಗೆ ಇಲ್ಲ'. ಇಲ್ಲ ಎಂಬುದರಲ್ಲಿ ಗುರುತು. ಕೆಳಗೆ ಡಾರ್ಲಾಳ ಹೆಸರು. ಮುತ್ತು ಪೋಣಿಸಿದ ಹಾಗೆ.

ಅವಳಿಗೆ ಓದಬೇಕಾಗಲೇ ಇಲ್ಲ. ಆ ಅಕ್ಷರವನ್ನು ಅವಳು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದಾಳೆ. ತನ್ನ ಊಟದ ಡಬ್ಬಿಯ ಮೇಲೆ, ಜ್ಯಾಮಿನ ಸೀಸೆಯ ಮೇಲೆ. ಅವಳ ಕಣ್ಣು ಆ ಹಾಳೆಯ ಮೇಲಿನ ತಾರೀಖಿನ ಮೇಲೆ ನಿಂತಿತು. ಏಪ್ರಿಲ್ ಹನ್ನೊಂದು, ೧೯೯೫.

"ಈ ದಿನ ನಾನು ಎಲ್ಲಿದ್ದೆ ಸರ್?"

"ನನಗೇನು ಗೊತ್ತು?"

"ನಿಮಗೆ ಗೊತ್ತು. ವರ್ಲಿನ್‌ಗೆ ಬೆನ್ನಿನ ಆಪರೇಷನ್ ಅಂತ ಮೂರು ವಾರ ನಾನು ಲೆಕ್ಸಿಂಗ್ಟನ್‌ನಲ್ಲಿ ಆಸ್ಪತ್ರೆ ನೆಲದ ಮೇಲೆ ಮಲಗ್ತಿದ್ದೆ. ಆ ಭಾನುವಾರ ಚರ್ಚಲ್ಲಿ ನಮ್ಮ ಮನೆಗೆ ಅಂತ ಟೋಪಿ ಹಿಡಿದು ಬೆಂಚಿಂದ ಬೆಂಚಿಗೆ ಹೋಗಿದ್ದು ಯಾರು? ನೀವೇ. ಊರಲ್ಲಿ ಇಲ್ಲದವಳು ಸಹಿ ಹೇಗೆ ಹಾಕಿದಳು ಅಂತ ನಿಮಗೆ ಅನ್ನಿಸಲಿಲ್ವಾ?"

ಪ್ರೇಟರರ ಕತ್ತು ಕೆಂಪಾಯಿತು. ಶಾಲೆಗೆ ಬೇಕಾದದ್ದು ಸಹಿ, ಸಹಿ ಇತ್ತು, ಯಾರ ಕೈಯದು ಎಂದು ಭೂತಗನ್ನಡಿ ಹಿಡಿದು ನೋಡುವುದು ತಮ್ಮ ಕೆಲಸವಲ್ಲ ಎಂದರು. ಅವಳು ಆಮೇಲೆ ಎರಡು ವರ್ಷ ಕೇಳಿದಾಗಲೂ ಈ ಹಾಳೆಯ ಸುದ್ದಿಯನ್ನೇಕೆ ಎತ್ತಲಿಲ್ಲ ಎಂದಾಗ, ಅವಳಿಗೆ ಮುಜುಗರವಾಗದಿರಲಿ ಎಂದು ಸುಮ್ಮನಿದ್ದರಂತೆ. ಡಾರ್ಲಾಗೆ ಎದುರಿಗಿದ್ದ ಮಸಿಕುಡಿಕೆಯನ್ನು ಎತ್ತಿ ಅವರ ಬಿಳಿ ಅಂಗಿಯ ಮೇಲೆ ಸುರಿಯಬೇಕೆನಿಸಿತು. ಸುರಿಯಲಿಲ್ಲ. ಹೊಸ ಹಾಳೆ ಕೊಡಿ ಎಂದು ಕೇಳಿ, ಅಲ್ಲೇ ನಿಂತು, ಒಪ್ಪಿಗೆಯ ಕಡೆ ಗುರುತು ಹಾಕಿ, ಕಾಗದ ಹರಿಯುವಷ್ಟು ಒತ್ತಿ ಸಹಿ ಮಾಡಿದಳು.

"ಹಳೇದನ್ನ ಕಡತದಿಂದ ತೆಗೀರಿ. ಅದು ನನ್ನದಲ್ಲ."

"ಹಾಗೆ ತೆಗೆಯೋಕೆ ಬರಲ್ಲ. ನಿನ್ನದಲ್ಲ ಅಂದ್ರೆ ಯಾರದು? ಹಾಕಿದವರು ಬರೆದುಕೊಡಲಿ," ಎಂದರು ಪ್ರೇಟರ್. ಯಾರೆಂದು ಅವರಿಗೂ ಗೊತ್ತಿತ್ತು. ಚರ್ಚಿನ ಆಮಂತ್ರಣ ಅವರ ಮನೆಗೂ ಬರುತ್ತಿತ್ತಲ್ಲ.

ಮನೆಗೆ ಬಂದಾಗ ಓಪಲ್ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಲೆಟಿ ಇನ್ನೂ ಬಸ್ಸಿನಲ್ಲಿದ್ದಳು. ಒಳ್ಳೆಯದೇ ಆಯಿತು. ಡಾರ್ಲಾ ತಾಯಿಯ ಕೈಯಿಂದ ಒದ್ದೆ ಟವಲನ್ನು ಕಸಿದು ಬುಟ್ಟಿಗೆ ಎಸೆದಳು.

"ನನ್ನ ಹೆಸರು ನೀನು ಯಾಕೆ ಹಾಕ್ದೆ?"

ಓಪಲ್ ಯಾವ ಹೆಸರು ಎಂದು ಕೇಳಲಿಲ್ಲ. "ಇಷ್ಟು ದಿನ ಇಟ್ಕೊಂಡಿದಾರಾ ಅದನ್ನ?" ಎಂದಳು.

"ಅವರು ಎಲ್ಲಾನೂ ಇಟ್ಕೊಂಡಿರ್ತಾರೆ. ನಾನು ಕೇಳಿದ್ದಕ್ಕೆ ಉತ್ತರ ಹೇಳು."

"ನೀನು ಇರಲಿಲ್ಲ. ಲೆಟಿ ಚೀಲದಲ್ಲಿ ಆ ಹಾಳೆ ಬಂತು. ಓದಿದೆ. ನಂಗೆ ಹೋಬರ್ಟ್ ನೆನಪಾದ."

ಹೋಬರ್ಟ್ ಓಪಲ್‌ಳ ತಮ್ಮ. ಡಾರ್ಲಾಗೆ ಅವನೆಂದರೆ ಚರ್ಚಿನ ಹೊರಗೆ ಎಲೆ ಗುಡಿಸುತ್ತಿದ್ದ ಒಬ್ಬ ಮೂಕ ಮಾಮ, ಅಷ್ಟೇ. ಓಪಲ್ ಇವತ್ತು ಬಟ್ಟೆಯ ಹಗ್ಗ ಹಿಡಿದುಕೊಂಡು ಉಳಿದದ್ದನ್ನು ಹೇಳಿದಳು. ಅವನು ಮೂಕನಾಗಿರಲಿಲ್ಲ. ಓದು ಬರುತ್ತಿರಲಿಲ್ಲ. ಯಾರೋ ಪಟ್ಟಣದಿಂದ ಬಂದು ಅವನನ್ನು ಪರೀಕ್ಷೆ ಮಾಡಿದರು. ಮರುವಾರ ಅವನ ಮೇಜನ್ನು ಶಾಲೆಯ ಕೆಳಗೆ ಬಾಯ್ಲರ್ ಇರುವ ಕೋಣೆಗೆ ಇಳಿಸಿದರು. ಅಲ್ಲಿ ಇನ್ನೂ ನಾಲ್ಕು ಮಕ್ಕಳಿದ್ದರು. ಅವರಿಗೆ ಕಲಿಸಿದ್ದು ನೆಲ ಗುಡಿಸುವುದು, ಬಟ್ಟೆಯ ಚೂರಿನಲ್ಲಿ ಮಸಿಬಟ್ಟೆ ಹೊಲಿಯುವುದು. ಎಂಟು ವರ್ಷ. ಹದಿನಾರಕ್ಕೆ ಹೊರಗೆ ಬಂದಾಗ ಊರು ಅವನನ್ನು ಬಾಯ್ಲರ್ ಎಂದೇ ಕರೆಯುತ್ತಿತ್ತು. ಮಾತಾಡಿದರೆ ನಗುತ್ತಾರೆಂದು ಮಾತು ನಿಲ್ಲಿಸಿದ. ಸತ್ತಾಗ ಹೂವು ತಂದವರೊಬ್ಬರು ಅವನ ನಿಜವಾದ ಹೆಸರೇನು ಎಂದು ಓಪಲ್‌ಳನ್ನೇ ಕೇಳಿದರಂತೆ.

"ನಾನು ಲೆಟೀನ ಉಳಿಸಿದೆ," ಎಂದಳು ಓಪಲ್.

"ಉಳಿಸಲಿಲ್ಲ ಅಮ್ಮ. ಮೂರನೇ ಕ್ಲಾಸಲ್ಲಿ ಹೂತು ಹಾಕ್ದೆ. ಆಗ ಕಾಲ ಬೇರೆ, ಈಗ ಬೇರೆ. ಈಗ ಓದು ಹೇಳಿಕೊಡೋಕೆ ಅಂತಲೇ ಬೇರೆ ಟೀಚರ್ ಇದಾರೆ. ನನ್ನ ಕೇಳಬಾರದಿತ್ತಾ? ನಾನು ವಾಪಸ್ ಬಂದ ಮೇಲಾದ್ರೂ ಹೇಳಬಾರದಿತ್ತಾ? ಎರಡು ವರ್ಷ ನಾನು ಆ ಮನುಷ್ಯನ ಮುಂದೆ ಸೌಟು ಹಿಡಿದು ಬೇಡ್ತಿದ್ದೆ, ನೀನು ಇಲ್ಲಿ ಬಿಸ್ಕೆಟ್ ಬೇಯಿಸಿಕೊಂಡು ಸುಮ್ಮನಿದ್ದೆ."

"ನಿಂಗೇನು ಗೊತ್ತು. ನೀನು ಆ ಕೋಣೆ ನೋಡಿಲ್ಲ."

"ನೀನೂ ಈಗಿನದು ನೋಡಿಲ್ಲ. ನಾಳೆ ಕಾಗದ ಬರಿ. ಸಹಿ ಹಾಕಿದ್ದು ನಾನು ಅಂತ."

"ಬರೆಯಲ್ಲ. ಕಳ್ಳ ಸಹಿ ಅಂತ ಜೈಲಿಗೆ ಹಾಕಿಸ್ತೀಯಾ ನನ್ನ? ಚರ್ಚಲ್ಲಿ ಯಾವ ಮುಖ ಇಟ್ಕೊಂಡು ಕೂತ್ಕೋಬೇಕು?"

"ನನ್ನ ಮುಖ ಇಟ್ಕೊಂಡು ಕೂತ್ಕೋ. ಹೆಸರು ಹೇಗೂ ತಗೊಂಡಿದೀಯಲ್ಲ," ಎಂದು ಡಾರ್ಲಾ ಒಳಗೆ ಹೋದಳು. ಹೋಬರ್ಟ್‌ನ ಕಥೆ ಕೇಳಿ ಅವಳಿಗೆ ಕರುಳು ಚುರ್ ಎನ್ನದೇ ಇರಲಿಲ್ಲ. ಆದರೆ ಕರುಣೆ ಬಂದರೆ ಸಿಟ್ಟು ಕಡಿಮೆಯಾಗುತ್ತದೆ ಎನ್ನುವವರು ಸಿಟ್ಟನ್ನು ಸರಿಯಾಗಿ ಕಂಡಿಲ್ಲ. ಅವಳದು ಇನ್ನೂ ಹೆಚ್ಚಿತು.

ಅಂದಿನಿಂದ ಆ ಮನೆಯಲ್ಲಿ ಎರಡು ಒಲೆ ಹೊತ್ತಿದ ಹಾಗಾಯಿತು. ಡಾರ್ಲಾ ತಾಯಿಯ ಕೈಯ ಬಿಸ್ಕೆಟ್ ಮುಟ್ಟಲಿಲ್ಲ. ಓಪಲ್ ಡಾರ್ಲಾಳ ಬಟ್ಟೆ ಒಗೆಯುವುದನ್ನು ಬಿಟ್ಟಳು. ಒಂದೇ ಮೇಜಿಗೆ ಕೂತರೂ ಉಪ್ಪು ಬೇಕಾದರೆ ವರ್ಲಿನ್ ಮೂಲಕ ಹೋಗಬೇಕು.

"ಅತ್ತೆ, ನಿಮ್ಮ ಮಗಳು ಉಪ್ಪು ಕೇಳ್ತಿದಾಳೆ," ಎನ್ನುವನು.

"ಅವಳಿಗೆ ಬಾಯಿ ಇಲ್ವಾ?"

"ಡಾರ್ಲಾ, ಬಾಯಿ ಇಲ್ವಾ ಅಂತ ಕೇಳ್ತಿದಾರೆ."

"ಬರೆದು ಕಳಿಸ್ತೀನಂತ ಹೇಳು," ಎನ್ನುವಳು ಡಾರ್ಲಾ.

ಲೆಟಿ ತಟ್ಟೆಯಿಂದ ತಲೆಯೆತ್ತದೆ ಕಾರ್ನ್‌ಬ್ರೆಡ್ ಮುರಿಯುತ್ತಿದ್ದಳು. ಜಗಳ ತನ್ನ ಓದಿನ ವಿಷಯಕ್ಕೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಸಹಿಯ ವಿಷಯವನ್ನು ಅವಳಿಗೆ ಹೇಳಬಾರದೆಂದು ಮೂವರೂ ಒಪ್ಪಿದ್ದರು. ಆ ಮನೆಯಲ್ಲಿ ಮೂವರೂ ಒಪ್ಪಿದ್ದು ಅದೊಂದನ್ನೇ, ಮತ್ತು ಅದೇ ತಪ್ಪಾಯಿತು.

ಶಾಲೆಯಲ್ಲಿ ಡಾರ್ಲಾಗೆ ಬಡಿಸುವ ಕೆಲಸ ಹೋಯಿತು. ಪಾತ್ರೆ ತೊಳೆಯುವ ಕಡೆಗೆ ಹಾಕಿದರು. ಕೆಲಸ ಹಂಚುವುದರಲ್ಲಿ ಬದಲಾವಣೆ ಅಷ್ಟೇ ಎಂದು ಗುಮಾಸ್ತೆ ಹೇಳಿದಳು. ಹಬೆಯಲ್ಲಿ ಕೈ ಬೆಂದು ಸಿಪ್ಪೆ ಏಳುತ್ತಿತ್ತು. ಹಲ್ಲು ಕಚ್ಚಿ ತೊಳೆದಳು. ಗೋಡೆಯ ಕ್ಯಾಲೆಂಡರಿನಲ್ಲಿ ಶಾಲಾ ದಿನಗಳನ್ನು ಒಂದೊಂದಾಗಿ ಹೊಡೆಯುತ್ತ ಬಂದಳು. ಹನ್ನೆರಡು. ಇಪ್ಪತ್ತು. ಮೂವತ್ತೊಂದನೇ ದಿನವೂ ಯಾರೂ ಬಾರದಿದ್ದಾಗ, ಏನಾಯಿತು ಎಂದು ಎರಡನೇ ಕಾಗದ ಬರೆದು ಜಿಲ್ಲಾ ಆಫೀಸಿಗೂ ಒಂದು ಪ್ರತಿ ಕಳಿಸಿದಳು. ಈ ಸಲ ಬರೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಭಾನುವಾರ ಚರ್ಚಿನಲ್ಲಿ ಪ್ರೇಟರರ ಹೆಂಡತಿ ಅವಳನ್ನು ಕಂಡು ಮುಖ ತಿರುಗಿಸಿದಳು. ಓಪಲ್ ಅದನ್ನು ನೋಡಿ, ಮನೆಗೆ ಬರುವ ದಾರಿಯಲ್ಲಿ ವರ್ಲಿನ್‌ಗೆ ಹೇಳುವಂತೆ ಹೇಳಿದಳು, "ಕಾಗದ ಬರೆದು ಊರು ಗೆದ್ದವರು ಯಾರೂ ಇಲ್ಲ."

"ಸುಳ್ಳು ಸಹಿ ಹಾಕಿ ಗೆದ್ದವರಿದಾರಾ ಕೇಳು," ಎಂದಳು ಡಾರ್ಲಾ.

ವರ್ಲಿನ್ ಟ್ರಕ್ಕಿನ ಕಿಟಕಿ ಇಳಿಸಿ ಹೊರಗೆ ನೋಡಿದ.

ಏಪ್ರಿಲ್ ಕೊನೆಗೆ ಜಿಲ್ಲಾ ಆಫೀಸಿನಿಂದ ದಪ್ಪ ಕನ್ನಡಕದ ಒಬ್ಬ ಹೆಂಗಸು ಬಂದಳು. ನಾಲ್ಕು ಬೆಳಿಗ್ಗೆ ಲೈಬ್ರರಿಯಲ್ಲಿ ಲೆಟಿಯನ್ನು ಕೂರಿಸಿಕೊಂಡು ಚಿತ್ರ ತೋರಿಸಿದಳು, ಮರದ ತುಂಡು ಜೋಡಿಸಲು ಕೊಟ್ಟಳು, ಪದ ಓದಿಸಿದಳು. ಆ ನಾಲ್ಕು ದಿನವೂ ಲೆಟಿಗೆ ಹೊಟ್ಟೆನೋವು ಬರಲಿಲ್ಲ.

ಮೇ ಮಧ್ಯದಲ್ಲಿ, ಐವತ್ತೇಳನೇ ದಿನ, ಸಭೆ ಕರೆದರು. ಡಾರ್ಲಾ, ವರ್ಲಿನ್ ಇಬ್ಬರೂ ಹೋದರು. ಕನ್ನಡಕದ ಹೆಂಗಸು ಸುತ್ತಿ ಬಳಸಿ ಮಾತಾಡಲಿಲ್ಲ. ಹುಡುಗಿಯ ಬುದ್ಧಿ ಅವಳ ವಯಸ್ಸಿನವರಿಗಿಂತ ಒಂದು ಕೈ ಮೇಲೇ ಇದೆ, ಅಕ್ಷರಗಳನ್ನು ಹಿಡಿಯುವಲ್ಲಿ ಮಾತ್ರ ತೊಡಕು, ಅದಕ್ಕೆ ಡಿಸ್ಲೆಕ್ಸಿಯಾ ಎಂದು ಹೆಸರು, ಕಲಿಸುವ ದಾರಿ ಇದೆ ಎಂದಳು. ಆಗಸ್ಟಿನಿಂದ ದಿನಕ್ಕೊಂದು ಗಂಟೆ ಬೇರೆ ಟೀಚರ್, ತರಗತಿಯ ಪಕ್ಕದ ಕೋಣೆಯಲ್ಲಿ. ನಾಲ್ಕನೇ ತರಗತಿಗೆ ಹಾಕಲು ಅಡ್ಡಿಯಿಲ್ಲ. ಇದನ್ನು ಎರಡನೇ ತರಗತಿಯಲ್ಲೇ ಕಂಡುಹಿಡಿದಿದ್ದರೆ ಎರಡು ವರ್ಷ ಕಳೆದುಕೊಳ್ಳುತ್ತಿರಲಿಲ್ಲ ಎಂದೂ ಹೇಳಿದಳು. ಪ್ರೇಟರ್ ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಕೂತಿದ್ದರು. ವರ್ಲಿನ್‌ನ ಕಣ್ಣು ತುಂಬಿತು. ಡಾರ್ಲಾಗೆ ಅಳು ಬರಲಿಲ್ಲ. ಬುದ್ಧಿ ಮೇಲೇ ಇದೆ ಎನ್ನುವ ಮಾತನ್ನು ಕಾಗದದ ಮೇಲೆ ಕೊಡಿ ಎಂದಳು.

ಸಂಜೆ ವರ್ಲಿನ್ ಸಂತೋಷಕ್ಕೆ ಕೋಳಿ ಹುರಿದ. ಎಲ್ಲ ಮೇಜಿಗೆ ಬರುವ ಹೊತ್ತಿಗೆ ಲೆಟಿ ಬಾಗಿಲಲ್ಲಿ ನಿಂತಿದ್ದಳು. ಕೂರಲಿಲ್ಲ.

"ಅಮ್ಮ, ಆ ಕನ್ನಡಕದ ಟೀಚರ್ ಇವತ್ತು ನಂಗೂ ಎಲ್ಲಾ ಹೇಳಿದ್ರು. ನನ್ನ ಮೊದಲೇ ಯಾಕೆ ನೋಡಲಿಲ್ಲ ಅಂತ ಕೇಳ್ದೆ. ಫೈಲಲ್ಲಿದೆ, ಎರಡನೇ ಕ್ಲಾಸಲ್ಲೇ ನೋಡ್ತೀವಿ ಅಂದಿದ್ವಿ, ನಿಮ್ಮಮ್ಮ ಬೇಡ ಅಂದಿದ್ರು ಅಂತ ಹೇಳಿದ್ರು."

ವರ್ಲಿನ್ ಬಾಯಿ ತೆರೆದ. ಡಾರ್ಲಾ ಅವನ ಕೈ ಹಿಡಿದು ತಡೆದಳು. ಓಪಲ್ ಸಿಂಕಿನ ಮುಂದೆ ಅವರಿಗೆ ಬೆನ್ನು ಹಾಕಿ ಸೊಪ್ಪು ತೊಳೆಯುತ್ತಿದ್ದಳು. ಡಾರ್ಲಾ ಆ ಬೆನ್ನನ್ನೇ ನೋಡಿದಳು. ತಾನು ಹೇಳಬಾರದು, ಅವಳ ಬಾಯಿಂದಲೇ ಬರಲಿ, ಬಾರದಿದ್ದರೆ ಇವತ್ತಿಗೆ ಈ ಮನೆಯಲ್ಲಿ ತಾಯಿ ಮಗಳ ಸಂಬಂಧ ಮುಗಿಯಿತು ಎಂದುಕೊಂಡಳು. ನಲ್ಲಿಯ ನೀರು ಸುರಿಯುತ್ತಲೇ ಇತ್ತು.

"ಹೇಳು. ನೀನು ಬೇಡ ಅಂದ್ಯಾ?" ಲೆಟಿ ಮತ್ತೆ ಕೇಳಿದಳು.

ಓಪಲ್ ನಲ್ಲಿ ನಿಲ್ಲಿಸಿದಳು. ತಿರುಗದೆಯೇ ಹೇಳಿದಳು. "ನಿಮ್ಮಮ್ಮ ಅಲ್ಲ. ಅವಳು ಊರಲ್ಲೇ ಇರಲಿಲ್ಲ. ಅವಳ ಹೆಸರು ನಾನು ಹಾಕ್ದೆ."

"ಯಾಕೆ?"

ಓಪಲ್ ತಿರುಗಿದಳು. ಒದ್ದೆ ಕೈಯನ್ನು ಒರೆಸಿಕೊಳ್ಳಲೂ ಮರೆತು ಹೋಬರ್ಟ್ ವಿಷಯ ಹೇಳತೊಡಗಿದಳು. ಬಾಯ್ಲರ್ ಕೋಣೆ, ಮಸಿಬಟ್ಟೆ, ಎಂಟು ವರ್ಷ. ಲೆಟಿ ಅರ್ಧಕ್ಕೇ ತಡೆದಳು.

"ಹೋಬರ್ಟ್ ನಂಗೆ ಗೊತ್ತಿಲ್ಲ ಅಜ್ಜಿ. ನಾನು ಹೋಬರ್ಟ್ ಅಲ್ಲ."

ಡಾರ್ಲಾಳ ಮನಸ್ಸು ಒಂದು ಕ್ಷಣ ತಣ್ಣಗಾಯಿತು. ತಾನು ಮೂರು ತಿಂಗಳಿಂದ ಹೇಳಲು ಒದ್ದಾಡಿದ್ದನ್ನು ಮಗಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. ಆದರೆ ಲೆಟಿಯ ಕಣ್ಣು ಈಗ ಅವಳ ಕಡೆ ತಿರುಗಿತು.

"ನೀನು ದಿನಾ ನಂಗೆ ಊಟ ಬಡಿಸ್ತಿದ್ದೆ. ನಾನು ಸಣ್ಣ ಮಕ್ಕಳ ಸಾಲಲ್ಲಿ ನಿಂತ್ಕೊಂಡು ಬರ್ತಿದ್ದೆ. ಎಲ್ಲರಿಗಿಂತ ಇಷ್ಟು ಎತ್ತರ. ನೀನು ನೋಡ್ತಿದ್ದೆ."

"ನಾನು ಅವರನ್ನ ಕೇಳ್ತಾನೇ ಇದ್ದೆ ಕಣೇ. ಎಷ್ಟು ಸಲ ಕೇಳಿದೀನಿ ಗೊತ್ತಾ?"

"ಬರೀಲಿಲ್ಲ. ಬರೆದ ಮೇಲೆ ತಾನೇ ಬಂದಿದ್ದು ಅವರು. ಮೊದಲೇ ಬರೀಬಹುದಿತ್ತಲ್ಲ."

ಬರೆಯಬೇಕೆಂದು ಗೊತ್ತಿರಲಿಲ್ಲ ಎಂದು ಡಾರ್ಲಾ ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಗೊತ್ತುಮಾಡಿಕೊಳ್ಳಲು ಆಫೀಸಿನವರೆಗೆ ಹೋಗದೆ, ಯಜಮಾನರಿಗೆ ಬೇಜಾರಾದೀತೆಂದು ಸೌಟು ಆಡಿಸುತ್ತ ನಿಂತಿದ್ದು ಯಾರು? ತಾಯಿಗೆ ಊರಿನ ಭಯ, ತನಗೆ ಪ್ರೇಟರರ ಭಯ. ಇಬ್ಬರ ಭಯವನ್ನೂ ಹೊತ್ತಿದ್ದು ಈ ಹುಡುಗಿ. ಸಿಟ್ಟು ಎಸೆಯಲು ಜಾಗವೇ ಉಳಿಯದೆ ಡಾರ್ಲಾ ತಟ್ಟೆಯನ್ನು ದೂರ ಸರಿಸಿದಳು.

"ತಪ್ಪಾಯ್ತು," ಎಂದಳು.

"ನಂದೂ ತಪ್ಪಾಯ್ತು ಕಂದ," ಎಂದಳು ಓಪಲ್.

ಲೆಟಿ ಒಳಗೆ ಹೋಗಿ ತನ್ನ ನೋಟ್‌ಬುಕ್ ತಂದು ಮಧ್ಯದಿಂದ ಎರಡು ಹಾಳೆ ಹರಿದಳು. ಒಂದನ್ನು ಅಮ್ಮನ ಮುಂದೆ, ಒಂದನ್ನು ಅಜ್ಜಿಯ ಜಾಗದಲ್ಲಿ ಇಟ್ಟಳು.

"ಬಾಯಲ್ಲಿ ಬೇಡ. ಬರೆದು ಕೊಡಿ. ಏನು ಮಾಡಿದ್ರಿ ಅಂತ. ಇಬ್ಬರೂ."

"ನಿಂಗೆ ಅದನ್ನ..." ಎಂದು ವರ್ಲಿನ್ ಶುರುಮಾಡಿ ನಾಲಿಗೆ ಕಚ್ಚಿಕೊಂಡ.

"ಈಗ ಬರಲ್ಲ. ಬರುತ್ತೆ ಅಂದಿದಾರೆ. ಬಂದಾಗ ಓದ್ಕೋತೀನಿ."

ಕೋಳಿ ಆರುತ್ತಿತ್ತು. ಓಪಲ್ ಬಂದು ಕೂತಳು. ಮೂರು ತಿಂಗಳಲ್ಲಿ ಮೊದಲ ಸಲ ತಾಯಿ ಮಗಳು ಒಬ್ಬರ ಪಕ್ಕ ಒಬ್ಬರು ಕೂತಿದ್ದರು. ಶಾಲೆಗೆ ಬರೆದುಕೊಡು ಎಂದು ಡಾರ್ಲಾ ಕಾಡಿದಾಗ ಜೈಲು, ಚರ್ಚು ಎಂದವಳು ಈಗ ತಾನಾಗಿ ಪೆನ್ನು ಎತ್ತಿಕೊಂಡಳು. ಮುತ್ತಿನಂಥ ಅಕ್ಷರದಲ್ಲಿ ಒಂದು ಪದ ಬರೆಯುವಷ್ಟರಲ್ಲಿ ಲೆಟಿ ಹಾಳೆಯ ಮೇಲೆ ಕೈಯಿಟ್ಟಳು.

"ಕೂಡಿಸಿ ಬರೀಬೇಡ. ಬಿಡಿಬಿಡಿಯಾಗಿ ಬರಿ. ದೊಡ್ಡದಾಗಿ."

ಓಪಲ್ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಮತ್ತೆ ಶುರುಮಾಡಿದಳು. ಒಂದನೇ ತರಗತಿಯ ಮಕ್ಕಳಂತೆ ಒಂದೊಂದೇ ಅಕ್ಷರ, ಓರೆಯಾಗಿ. ಡಾರ್ಲಾಳೂ ಬರೆಯತೊಡಗಿದಳು. ಪ್ರೇಟರರಿಗೆ ಐದು ಸಾಲು ಬರೆದವಳಿಗೆ ಇಲ್ಲಿ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ.

"ಏನು ಬರೆದೆ, ಓದು," ಎಂದಳು ಲೆಟಿ ಅಜ್ಜಿಗೆ.

"'ಲೆಟಿ, ನಿನ್ನನ್ನ ಕೇಳದೆ, ನಿನ್ನ ಅಮ್ಮನನ್ನ ಕೇಳದೆ, ನಾನು ಬೇಡ ಅಂತ ಗುರುತು ಹಾಕಿದೆ. ಅದರಿಂದ ನಿನಗೆ ಎರಡು ವರ್ಷ...'" ಓಪಲ್ ಬರೆದದ್ದು ಅಷ್ಟೇ ಆಗಿತ್ತು.

"ಎರಡು ಅಂತ ಎಲ್ಲಿದೆ? ತೋರ್ಸು."

ಓಪಲ್ ಬೆರಳಿಟ್ಟು ತೋರಿಸಿದಳು. ಲೆಟಿ ಬಗ್ಗಿ, ಹುಬ್ಬು ಗಂಟಿಕ್ಕಿ, ಆ ಪದವನ್ನು ಬಹಳ ಹೊತ್ತು ನೋಡಿದಳು. ಅದು ಅವಳಿಗೆ ಸಿಗಲಿಲ್ಲ.

"ಅದನ್ನ ಅಂಕಿಲಿ ಬರಿ," ಎಂದಳು. "ಅಂಕಿ ನಂಗೆ ಈಗ್ಲೇ ಗೊತ್ತಾಗುತ್ತೆ."

ಓಪಲ್ ಆ ಪದವನ್ನು ಹೊಡೆದುಹಾಕಿ, ಅದರ ಮೇಲೆ 2 ಎಂದು ಬರೆದಳು.